ಸಿಂಬಳದ ಬಣ್ಣ ಬಿಡಿ, ಉಸಿರು ಎಣಿಸಿ

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ, ತೂಕ 13 ಕೆ.ಜಿ. ಜೂನ್‌ನಲ್ಲಿ ನರ್ಸರಿಗೆ ಸೇರಿಸಿದಾಗಿನಿಂದ ತಿಂಗಳಿಗೊಮ್ಮೆ ನೆಗಡಿ. ಈ ಸಲ ಮೊದಲೆರಡು ದಿನ ಜ್ವರವಿತ್ತು, ಈಗಿಲ್ಲ. ನಾಲ್ಕನೇ ದಿನಕ್ಕೆ ಸಿಂಬಳ ಹಳದಿ-ಹಸಿರಾಗಿದೆ. ಹಗಲು ಆಡಿಕೊಂಡಿರುತ್ತಾನೆ, ರಾತ್ರಿ ಕೆಮ್ಮು. ಹೋದ ಸಲದ ಆ್ಯಂಟಿಬಯೋಟಿಕ್ ಸಿರಪ್ ಫ್ರಿಜ್‌ನಲ್ಲಿ ಅರ್ಧ ಉಳಿದಿದೆ, ಕೊಡಲೇ? ಬಾಳೆಹಣ್ಣು, ಮೊಸರು ನಿಲ್ಲಿಸು ಅನ್ನುತ್ತಾರೆ ಅತ್ತೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಆ ಬಾಟಲಿ ಎಸೆಯಿರಿ. ಪುಡಿಗೆ ನೀರು ಬೆರೆಸಿ ಮಾಡಿದ ಸಿರಪ್ ಫ್ರಿಜ್‌ನಲ್ಲಿಟ್ಟರೂ ಒಂದೆರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಹೊಸದೇ ಆಗಿದ್ದರೂ ಬೇಡವೆನ್ನುತ್ತಿದ್ದೆ. ನೆಗಡಿ ತರುವುದು ವೈರಸ್, ಅದರ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಸಿಂಬಳ ಹಸಿರಾಗುವುದು ವೈರಸ್ ಜೊತೆ ಸೆಣಸಲು ಬಂದ ಬಿಳಿ ರಕ್ತಕಣಗಳಿಂದ. ಮೂರು-ನಾಲ್ಕನೇ ದಿನಕ್ಕೆ ಹಾಗಾಗುವುದು ಮಾಮೂಲು.

ತಿಂಗಳಿಗೊಮ್ಮೆ ಎಂಬ ನಿಮ್ಮ ಲೆಕ್ಕವೂ ಹೆದರುವಂಥದ್ದಲ್ಲ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು ಬಗೆಯವು. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಬರುತ್ತದೆ, ನರ್ಸರಿಯ ಮೊದಲ ವರ್ಷ ಇನ್ನೂ ಹೆಚ್ಚು. ಒಂದೊಂದು ನೆಗಡಿ ಏಳರಿಂದ ಹತ್ತು ದಿನ, ಕೆಮ್ಮು ಎರಡು-ಮೂರು ವಾರ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾದರೆ ಮಗುವಿಗೆ ನೆಗಡಿ ಬಿಟ್ಟೇ ಇಲ್ಲ ಅನ್ನಿಸುತ್ತದೆ.

ಬಣ್ಣ ನೋಡುವ ಬದಲು ಉಸಿರು ನೋಡಿ. ಮಗು ನಿದ್ದೆಯಲ್ಲಿರುವಾಗ ಅಂಗಿ ಮೇಲೆತ್ತಿ, ಫೋನಿನಲ್ಲಿ ಸಮಯ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಹೊಟ್ಟೆ ಎಷ್ಟು ಸಲ ಏಳುತ್ತದೆಂದು ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಜ್ವರವಿದ್ದರೆ ಅದು ಇಳಿದ ಮೇಲೆ ಎಣಿಸಿ. ಒಂದರಿಂದ ಐದು ವರ್ಷದವರಿಗೆ ನಿಮಿಷಕ್ಕೆ 40 ಅಥವಾ ಹೆಚ್ಚಿದ್ದರೆ ವೇಗದ ಉಸಿರು. ಅದು ನ್ಯುಮೋನಿಯಾ ಇರಬಹುದು, ಅಂದೇ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ, ನೀರೂ ಕುಡಿಯದೆ ಮಂಕಾಗಿ ಮಲಗಿದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಬಿಟ್ಟ ಜ್ವರ ಮತ್ತೆ ಬಂದರೆ, ಮೂರು ದಿನ ದಾಟಿದರೆ, ಕಿವಿ ನೋವೆಂದರೆ ವೈದ್ಯರಿಗೆ ತೋರಿಸಿ. ಎರಡು ವಾರ ಮೀರಿದ ಕೆಮ್ಮಿನ ಜೊತೆ ಜ್ವರವೋ ತೂಕ ಇಳಿಕೆಯೋ ಇದ್ದರೆ ಕ್ಷಯದ ಪರೀಕ್ಷೆಯೂ ಆಗಲಿ.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ಕೆಮ್ಮಿನ ಸಿರಪ್ ತರಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ತೀರಿಕೊಂಡರು. ಆಗ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಸಿರಪ್ ಕೊಡಲೇಬಾರದು, ಐದರೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಹೇಳಿತು. ವಿಷ ಬೆರೆಯದ ಸಿರಪ್‌ನಿಂದಲೂ ಈ ವಯಸ್ಸಿಗೆ ಅಂಥ ಉಪಯೋಗವಿಲ್ಲ, ತೂಕಡಿಕೆಯೇ ಹೆಚ್ಚು. ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಡಿ, ಕೆಮ್ಮು ತುಸು ತಗ್ಗುತ್ತದೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು.

ಮೂಗು ಕಟ್ಟಿದ್ದರೆ ಉಪ್ಪುನೀರಿನ ಸಲೈನ್ ಡ್ರಾಪ್ಸ್ ಎರಡೆರಡು ಹನಿ, ಊಟಕ್ಕೆ ಮತ್ತು ನಿದ್ದೆಗೆ ಮುಂಚೆ. ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕುದಿನೀರಿನ ಪಾತ್ರೆ ಇಟ್ಟು ಹಬೆ ಕೊಡುವುದೂ ಬೇಡ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳಿಗೆ ಡ್ರೆಸಿಂಗ್ ಮಾಡಿದವನು ನಾನು.

ಮತ್ತೆ ಜ್ವರ ಬಂದರೆ ವೈದ್ಯರಿಗೆ ತೋರಿಸುವವರೆಗೆ ಪ್ಯಾರಸಿಟಮಾಲ್ ಸಾಕು, ಆದರೆ ಬಾಟಲಿ ಮೇಲಿನ ಅಂಕಿ ಓದಿ. 5 ಎಂ.ಎಲ್.ಗೆ 250 ಮಿ.ಗ್ರಾಂ ಎಂದಿದ್ದರೆ ನಿಮ್ಮ ಮಗನಿಗೆ ಮೂರೂವರೆ ಎಂ.ಎಲ್., 125 ಎಂದಿದ್ದರೆ ಏಳು. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ.

ಇನ್ನು ಬಾಳೆಹಣ್ಣು, ಮೊಸರು. ಇವುಗಳಿಂದ ನೆಗಡಿ ಬರುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಮಗು ಕೇಳಿದರೆ ಕೊಡಿ. ಅತ್ತೆಯವರನ್ನು ಒಪ್ಪಿಸುವ ದಾರಿ ಮಾತ್ರ ನನ್ನನ್ನು ಕೇಳಬೇಡಿ. ಮೂವತ್ತು ವರ್ಷ ಡಾಕ್ಟರಿಕೆ ಮಾಡಿಯೂ ನನ್ನ ಅಮ್ಮನನ್ನೇ ಒಪ್ಪಿಸಲು ಆಗಿಲ್ಲ. ಫ್ರಿಜ್‌ನಿಂದ ತೆಗೆದು ಒಂದು ಗಂಟೆ ಹೊರಗಿಟ್ಟ ಮೊಸರಾದರೆ ಪರವಾಗಿಲ್ಲ ಎಂಬಲ್ಲಿಗೆ ನಮ್ಮಿಬ್ಬರ ರಾಜಿಯಾಗಿದೆ.