ಜನವರಿಯಲ್ಲಿ ವೆನಿಸ್‌ಗೆ ಹೋಗಬಹುದೇ?

ಮಾನ್ಯರೇ,

ನಿಮ್ಮ ಕಾಗದ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ವಿಷಯವನ್ನಷ್ಟೇ ಹೇಳಿಬಿಡುತ್ತೇನೆ. ನೀವು ಸಾಗರದ ನಿವೃತ್ತ ಶಿಕ್ಷಕಿ. ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಅವಳಿಗೆ ರಜೆ ಸಿಗುವುದು ಜನವರಿಯಲ್ಲಿ. ಅಪ್ಪ ಅಮ್ಮನನ್ನು ಕರೆಸಿಕೊಂಡು ವೆನಿಸ್ ತೋರಿಸಬೇಕೆಂಬ ಆಸೆ. ಇತ್ತ ಪಕ್ಕದ ಮನೆಯವರು "ಚಳಿಗಾಲದಲ್ಲಿ ಆ ಊರು ನೀರಲ್ಲಿ ಮುಳುಗಿರುತ್ತದೆ, ಅಂಗಡಿಗಳೆಲ್ಲ ಮುಚ್ಚಿರುತ್ತವೆ" ಎಂದು ಹೆದರಿಸಿದ್ದಾರೆ. ನಮ್ಮದೇ ಪ್ರವಾಸ ಅಂಕಣ "ಏಪ್ರಿಲ್‌ನಿಂದ ಜೂನ್ ಸೂಕ್ತ ಕಾಲ" ಎಂದು ಬರೆದು ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಿದೆ. ಯಜಮಾನರಿಗೆ ಮೊಣಕಾಲು ನೋವು. ಇಬ್ಬರೂ ಸಸ್ಯಾಹಾರಿಗಳು. ಹೋಗುವುದೋ ಬೇಡವೋ, ಒಂದೇ ಮಾತಿನಲ್ಲಿ ಹೇಳಿ ಎಂದು ಕೇಳಿದ್ದೀರಿ.

ಹೋಗಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಿಮಗೂ ಸಮಾಧಾನವಾಗದು, ನನಗೂ ಆಗದು.

ಅಂಕಣದ ಮಾತು ಸುಳ್ಳಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ಹವೆ ಬಲು ಸೊಗಸು. ಸೊಗಸು ಎಂಬ ಕಾರಣಕ್ಕೇ ಜಗತ್ತೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಕಾಟ ತಾಳಲಾರದೆ ನಗರಸಭೆ 2024ರ ಏಪ್ರಿಲ್ 25ರಿಂದ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿತು. ಆ ವರ್ಷ 29 ದಿನ, ಮರುವರ್ಷ 54 ದಿನ. ಮರುವರ್ಷ ಕೊನೇ ಗಳಿಗೆಯಲ್ಲಿ ಹಣ ಕಟ್ಟಿದವರಿಗೆ 10 ಯೂರೋ. ಎರಡು ಸಲವೂ ಶುಲ್ಕ ಇದ್ದದ್ದು ಏಪ್ರಿಲ್‌ನಿಂದ ಜುಲೈ ನಡುವಿನ ದಿನಗಳಿಗೆ. ಜನವರಿಯ ಪ್ರವಾಸಿಗಳ ಮೇಲೆ ಹೀಗೆ ಸುಂಕ ಹಾಕಬೇಕೆಂದು ಯಾರಿಗೂ ಅನ್ನಿಸಿಲ್ಲ. ನಿಮ್ಮ ಪಕ್ಕದ ಮನೆಯವರಿಗೆ ಇದನ್ನು ಮೊದಲು ಹೇಳಿ.

ರಿಯಾಲ್ಟೋ ಸೇತುವೆಯ ಹತ್ತಿರ ಒಂದು ಔಷಧಿ ಅಂಗಡಿಯಿದೆ. ಅದರ ಕಿಟಕಿಯಲ್ಲಿ ಬೆಳಕಿನ ಅಂಕಿಗಳ ಒಂದು ಫಲಕ. ಅದು ತೋರಿಸುವುದು ಹೊತ್ತನ್ನಲ್ಲ, ಹಳೆಯ ಊರಿನಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆಯನ್ನು. 1951ರಲ್ಲಿ ಸುಮಾರು 1,75,000 ಜನ ಇದ್ದ ಊರು ಈಗ 50,000ಕ್ಕಿಂತ ಕೆಳಗಿಳಿದಿದೆ. ಮೇ ತಿಂಗಳಲ್ಲಿ ಆ ಫಲಕದ ಮುಂದೆ ನಿಂತು ಓದಲು ಜನಜಂಗುಳಿ ಬಿಡುವುದಿಲ್ಲ. ಜನವರಿಯಲ್ಲಿ ಅಲ್ಲಿ ನಿಂತರೆ, ಆ ಸಂಖ್ಯೆಗೆ ಸೇರಿದವರೇ ಪಕ್ಕದಲ್ಲಿ ಹಾದು ಹೋಗುತ್ತಾರೆ: ಗಾಲಿಚೀಲದಲ್ಲಿ ತರಕಾರಿ ಎಳೆದುಕೊಂಡು ಸೇತುವೆ ಹತ್ತುವ ಅಜ್ಜಿಯರು, ಶಾಲೆ ಬಿಟ್ಟು ಚೌಕದಲ್ಲಿ ಚೆಂಡಾಡುವ ಹುಡುಗರು, ಕಸದ ದೋಣಿಯವರು. ಊರಿಗೂ ಒಂದು ಸಂಸಾರವಿದೆ ಎಂದು ಗೊತ್ತಾಗುವುದು ಈ ತಿಂಗಳಲ್ಲೇ. ನಾನು "ಹೋಗಿ" ಎಂದದ್ದು ಮುಖ್ಯವಾಗಿ ಇದಕ್ಕೆ. ಅಗ್ಗ ಎಂಬುದು ಆಮೇಲಿನ ಮಾತು.

ಈಗ ನೀರಿನ ವಿಷಯ. ವೆನಿಸ್‌ನ ಚಳಿಗಾಲವನ್ನು ಒಂದೇ ಋತು ಎಂದುಕೊಂಡರೆ ಕೆಟ್ಟಿತು. ನೆರೆಯ ಭಯ ಹೆಚ್ಚಾಗಿ ನವೆಂಬರ್, ಡಿಸೆಂಬರ್‌ನದು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರ, ವಾಯುಭಾರ ಕುಸಿತ, ಜೊತೆಗೆ ಏಡ್ರಿಯಾಟಿಕ್ ಸಮುದ್ರದ ಉದ್ದಕ್ಕೂ ಆಗ್ನೇಯದಿಂದ ನೀರನ್ನು ತಳ್ಳುವ ಸಿರೊಕ್ಕೊ ಗಾಳಿ, ಮೂರೂ ಕೂಡಿದಾಗ ಊರಿನ ಸುತ್ತಲಿನ ಉಪ್ಪುನೀರಿನ ಹಿನ್ನೀರು, ಅಂದರೆ ಲಗೂನ್, ಉಕ್ಕುತ್ತದೆ. 1966ರ ನವೆಂಬರ್ 4ರಂದು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು 187. ಇದನ್ನು ಕೇಳಿ ಆಳೆತ್ತರ ನೀರು ಎಂದುಕೊಳ್ಳುವವರಿದ್ದಾರೆ. ಈ ಲೆಕ್ಕ 1897ರಲ್ಲಿ ಗೊತ್ತುಮಾಡಿದ ಸಮುದ್ರಮಟ್ಟದಿಂದ ಶುರುವಾಗುತ್ತದೆ. ಊರಿನಲ್ಲೇ ತಗ್ಗಾದ ಸಂತ ಮಾರ್ಕನ ಚೌಕ ಅದಕ್ಕಿಂತ ಸುಮಾರು 80 ಸೆಂಟಿಮೀಟರ್ ಎತ್ತರದಲ್ಲಿದೆ. ಅಂದರೆ 2019ರ ಆ ರಾತ್ರಿ ಚೌಕದಲ್ಲಿ ಸುಮಾರು ಒಂದು ಮೀಟರ್ ನೀರು. ಅದೇನು ಕಡಿಮೆಯಲ್ಲ. ಆದರೆ ಉಬ್ಬರದ ನೀರು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ನಮ್ಮ ಹೊಳೆಯ ನೆರೆಯ ಹಾಗೆ ದಿನಗಟ್ಟಲೆ ಕೂರುವುದಿಲ್ಲ.

ಆಮೇಲೆ ಪರಿಸ್ಥಿತಿಯೂ ಬದಲಾಗಿದೆ. ಲೀಡೊ, ಮಲಮೊಕ್ಕೊ, ಕ್ಯೊಜ್ಜಾ ಎಂಬ ಮೂರು ಅಳಿವೆಗಳ ತಳದಲ್ಲಿ 78 ಉಕ್ಕಿನ ತಡೆಬಾಗಿಲುಗಳನ್ನು ಮಲಗಿಸಿದ್ದಾರೆ. ಮಾಮೂಲಿ ದಿನ ಅವುಗಳ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ. ನೀರು 110 ಸೆಂಟಿಮೀಟರ್ ದಾಟುವ ಸೂಚನೆ ಬಂದರೆ ಒಳಗೆ ಗಾಳಿ ಒತ್ತುತ್ತಾರೆ, ನೀರು ಹೊರಬಿದ್ದು ಹಳದಿ ಬಾಗಿಲುಗಳು ಒಂದೊಂದಾಗಿ ಮೇಲೇಳುತ್ತವೆ, ಸಮುದ್ರ ಹೊರಗೇ ನಿಲ್ಲುತ್ತದೆ. ಮೋಸೆ ಎಂದು ಇದರ ಹೆಸರು. ಲಂಚದ ಹಗರಣದಲ್ಲಿ ಆಗಿನ ಮೇಯರ್ ಕೂಡ ಬಂಧನಕ್ಕೊಳಗಾಗಿ, ಕೆಲಸ ವರ್ಷಾನುಗಟ್ಟಲೆ ಎಳೆದಾಡಿ (ಇಂಥ ಕತೆ ಕೇಳಿ ನಮಗೇನೂ ಆಶ್ಚರ್ಯವಾಗಬೇಕಿಲ್ಲ), ಕೊನೆಗೆ 2020ರ ಅಕ್ಟೋಬರ್ 3ರಂದು ಮೊದಲ ಸಲ ನಿಜವಾದ ಉಬ್ಬರವನ್ನು ತಡೆಯಿತು. 80ರಿಂದ 110ರ ನಡುವಿನ ನೀರಿಗೆ ಬಾಗಿಲು ಎತ್ತುವುದು ರೂಢಿಯಲ್ಲ. ಆಗ ಚೌಕದಲ್ಲಿ ಪಾದ ಮುಳುಗುವಷ್ಟು ನೀರು ಬರುತ್ತದೆ, ಉದ್ದನೆಯ ಹಲಗೆಗಳನ್ನು ಜೋಡಿಸಿ ಅದರ ಮೇಲೆ ಜನರನ್ನು ನಡೆಸುತ್ತಾರೆ.

ನೀವು ಹೋಗುವ ಜನವರಿಯಲ್ಲಿ ಹೆಚ್ಚಾಗಿ ಇದಕ್ಕೆ ತಿರುಗುಮುರುಗು. ವಾಯುಭಾರ ಏರಿ ಆಕಾಶ ತಿಳಿಯಾದ ದಿನಗಳಲ್ಲಿ ಇಳಿತ ಎಷ್ಟು ಕೆಳಗೆ ಹೋಗುತ್ತದೆಂದರೆ, ಸಣ್ಣ ಕಾಲುವೆಗಳಲ್ಲಿ ಕೆಸರು ಕಾಣಿಸಿ ಗೊಂಡೊಲಗಳು ಒರಗಿಕೊಂಡು ಕೂರುತ್ತವೆ. ಮುಳುಗಿದ ಊರು ನೋಡಲು ಹೋದವರಿಗೆ ಒಣಗಿದ ಊರು ಸಿಕ್ಕಿದ್ದುಂಟು.

ದಿನ ಆರಿಸುವಾಗ ಮಗಳಿಗೆ ಎರಡು ಗಡಿ ಹೇಳಿಬಿಡಿ. ಜನವರಿ 6 ಎಪಿಫನಿ ಹಬ್ಬ. ಅಂದು ಮುದುಕಿ ಬೆಫಾನಾಳ ವೇಷ ಹಾಕಿದ ಅಂಬಿಗರು ಗ್ರ್ಯಾಂಡ್ ಕೆನಾಲ್‌ನಲ್ಲಿ ದೋಣಿ ಪಂದ್ಯ ನಡೆಸುತ್ತಾರೆ. ಅಲ್ಲಿಯವರೆಗೆ ಕ್ರಿಸ್ಮಸ್, ಹೊಸ ವರ್ಷದ ದಟ್ಟಣೆ, ಅದಕ್ಕೆ ತಕ್ಕ ದರ. ಇನ್ನೊಂದು ಗಡಿ ಕಾರ್ನಿವಲ್. ಅದು ಈಸ್ಟರ್ ಲೆಕ್ಕಕ್ಕೆ ಕಟ್ಟುಬಿದ್ದ ಹಬ್ಬವಾದ್ದರಿಂದ ವರ್ಷವರ್ಷವೂ ತಾರೀಖು ಬೇರೆ. ಕೆಲವು ವರ್ಷ ಜನವರಿ ಕೊನೆಗೇ ಶುರುವಾಗುತ್ತದೆ. 1797ರಲ್ಲಿ ನೆಪೋಲಿಯನ್ ಕಾಲಕ್ಕೆ ವೆನಿಸ್ ಗಣರಾಜ್ಯ ಬಿದ್ದ ಮೇಲೆ ಮಂಕಾಗಿದ್ದ ಈ ಹಬ್ಬ 1980ರ ಸುಮಾರಿಗೆ ಮತ್ತೆ ಚಿಗುರಿತು, ಈಗ ಮುಖವಾಡ ತೊಟ್ಟವರಿಗಿಂತ ಅವರ ಫೋಟೋ ತೆಗೆಯುವವರೇ ಹೆಚ್ಚು. ಈ ಎರಡರ ನಡುವಿನ ವಾರಗಳೇ ನಿಮ್ಮವು. ಕೆಲವು ಹೋಟೆಲಿನವರು ಆಗ ಬಾಗಿಲು ಹಾಕಿ ತಾವೇ ಪ್ರವಾಸ ಹೋಗುತ್ತಾರೆ, ಹೌದು. ಊರಿಗೆ ಊರೇನೂ ಮುಚ್ಚುವುದಿಲ್ಲ.

ಉಳಿಯುವುದೆಲ್ಲಿ ಎಂಬ ಪ್ರಶ್ನೆಗೆ ನನ್ನದು ಹಟದ ಅಭಿಪ್ರಾಯ. ಲಗೂನ್ ದಾಟುವ ಸೇತುವೆಯಾಚೆ, ಒಳನಾಡಿನ ಮೆಸ್ತ್ರೆಯಲ್ಲಿ ಕೋಣೆ ಅಗ್ಗ, ಅಲ್ಲಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ ಎಂದು ಎಲ್ಲರೂ ಹೇಳುತ್ತಾರೆ. ಬೇಸಿಗೆಯಲ್ಲಿ ಒಪ್ಪಬಹುದು. ಜನವರಿಯಲ್ಲಿ ಐದು ಗಂಟೆಗೆಲ್ಲ ಕತ್ತಲಾಗುತ್ತದೆ. ಮೆಸ್ತ್ರೆಯಲ್ಲಿ ಉಳಿದವರು ಆಗ ಸ್ಟೇಷನ್ನಿನತ್ತ ಮುಖ ಮಾಡುತ್ತಾರೆ. ಊರು ಊರಿನವರಿಗೆ ಸಿಗುವುದೇ ಆಗ. ಚಳಿಗಾಲದಲ್ಲಿ ಇಳಿಯುವ ಬಾಡಿಗೆಯನ್ನು ಉಳಿತಾಯ ಎಂದು ಎಣಿಸದೆ, ಅದೇ ದುಡ್ಡಿಗೆ ಒಳ ಊರಿನಲ್ಲಿ ಒಳ್ಳೆಯ ಜಾಗ ಹಿಡಿಯಿರಿ. ಕ್ಯಾನರೆಜೊ ಭಾಗ ನಿಮಗೆ ಸರಿ. ಸ್ಟೇಷನ್ನಿಗೆ ಹತ್ತಿರ, ನೇರವಾದ ಉದ್ದ ದಂಡೆಗಳು, ಜನವಸತಿಯೂ ಇದೆ. 1516ರಲ್ಲಿ ಯಹೂದಿಗಳನ್ನು ಕೂಡಿಹಾಕಿದ ಘೆಟ್ಟೊ ಇರುವುದೂ ಅಲ್ಲೇ. ಅಲ್ಲಿಂದ ಉತ್ತರದ ದಂಡೆ ಫೊಂದಮೆಂತೆ ನೊವೆಗೆ ನಡೆದು ಹೋಗಬಹುದು. ಗಾಳಿ ಬೀಸಿ ಮೋಡ ಚದುರಿದ ಬೆಳಿಗ್ಗೆ ಅಲ್ಲಿ ನಿಂತರೆ, ಸ್ಮಶಾನದ ದ್ವೀಪ ಸಾನ್ ಮಿಕೆಲೆಯ ಇಟ್ಟಿಗೆ ಗೋಡೆಯ ಹಿಂದೆ ಆಲ್ಪ್ಸ್ ಬೆಟ್ಟಗಳು ಹಿಮ ಹೊತ್ತು ಸಾಲಾಗಿ ಕಾಣುತ್ತವೆ. ಬೇಸಿಗೆಯ ಮಬ್ಬಿನಲ್ಲಿ ಆ ಬೆಟ್ಟಗಳು ಇವೆಯೆಂದೇ ತಿಳಿಯುವುದಿಲ್ಲ.

ಮೊಣಕಾಲಿನ ಮಾತು. ಅಲ್ಲಿ ಸೇತುವೆಗಳೇ 400ಕ್ಕೂ ಹೆಚ್ಚು, ಬಹುಪಾಲು ಮೆಟ್ಟಿಲಿನವು. ಆಟೋ ಇಲ್ಲ, ಬಸ್ಸಿಲ್ಲ. ಯಜಮಾನರಿಗೆ ವಪರೆಟ್ಟೊ ಎಂಬ ದೋಣಿ ಬಸ್ಸಿನ ಪಾಸು ತೆಗೆಸಿಬಿಡಿ. ಬಿಡಿ ಟಿಕೆಟ್ 9.50 ಯೂರೋ, ನಾಲ್ಕಾರು ಸಲ ಹತ್ತುವವರಿಗೆ ಪಾಸೇ ವಾಸಿ. ಒಂದನೇ ನಂಬರಿನದು ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ನಿಂತು ನಿಂತು ಹೋಗುತ್ತದೆ. ಬೇಸಿಗೆಯಲ್ಲಿ ಅದರಲ್ಲಿ ಕೂರುವುದಿರಲಿ, ನಿಂತರೂ ಅದೃಷ್ಟ. ಜನವರಿಯಲ್ಲಿ ಸಾಮಾನ್ಯವಾಗಿ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ನಿಲ್ದಾಣಗಳು ತೇಲುವ ಕಟ್ಟೆಗಳಾದ್ದರಿಂದ ನೀರು ತೀರಾ ಇಳಿದ ಹೊತ್ತಿನಲ್ಲಿ ಅದಕ್ಕೆ ಹೋಗುವ ಹಲಗೆ ಇಳಿಜಾರಾಗಿರುತ್ತದೆ, ಕೈ ಹಿಡಿದು ಇಳಿಸಿ. ದಟ್ಟ ಮಂಜು ಕವಿದ ದಿನ ದೋಣಿಗಳು ಏರುಪೇರಾಗುತ್ತವೆ. ಊರಿಗೆ ವಾಪಸಾಗುವ ದಿನ ಸ್ಟೇಷನ್ನಿಗೆ ಗಡಿಬಿಡಿಯಲ್ಲಿ ಹೊರಡಬೇಡಿ.

ಚಳಿ ಎಷ್ಟು ಎಂದರೆ, ಹಗಲು ಆರೇಳು ಡಿಗ್ರಿ, ರಾತ್ರಿ ಸೊನ್ನೆಯ ಆಸುಪಾಸು. ಮ್ಯೂನಿಕ್ ನೋಡಿದವರಿಗೆ ಇದೇನು ಅನ್ನಿಸಬಹುದು, ಆದರೆ ನೀರಿನ ಪಸೆ ಸೇರಿದ ಚಳಿ ಇದು, ಮೂಳೆಗೆ ಇಳಿಯುತ್ತದೆ. ಕಲ್ಲು ಹಾಸಿನ ಇಗರ್ಜಿಗಳ ಒಳಗೆ ಹೊರಗಿಗಿಂತ ಹೆಚ್ಚು ಥಂಡಿ. ದಪ್ಪ ಕೋಟಿಗಿಂತ ದಪ್ಪ ಅಟ್ಟೆಯ ಬೂಟು ಮುಖ್ಯ. ಸಂತ ಮಾರ್ಕನ ಬಸಿಲಿಕಾದಲ್ಲಿ ಎಲ್ಲರೂ ಕತ್ತೆತ್ತಿ ಚಿನ್ನದ ಮೊಸಾಯಿಕ್ ನೋಡುತ್ತಾರೆ. ನೀವು ನೆಲವನ್ನೂ ನೋಡಿ. ಶತಮಾನಗಳಲ್ಲಿ ಕುಸಿದು ಅಲೆಅಲೆಯಾಗಿರುವ ಅಮೃತಶಿಲೆಯ ಚಿತ್ತಾರ ಅದು. ಯಜಮಾನರು ಎಡವದಿರಲಿಕ್ಕೂ ಒಳ್ಳೆಯದು.

ಒಂದೇ ಜಾಗಕ್ಕೆ ಹೋಗಲು ಶಕ್ತಿಯಿದೆ ಎನ್ನುವುದಾದರೆ ಸ್ಕುಓಲಾ ಗ್ರಾಂದೆ ದಿ ಸಾನ್ ರೊಕ್ಕೊಗೆ ಹೋಗಿ. ಪ್ಲೇಗಿನಿಂದ ಕಾಯುವ ಸಂತ ರೊಕ್ಕೊನ ಹೆಸರಿನ ಸಂಘದ ಮನೆಯಿದು. 1564ರಿಂದ 1588ರವರೆಗೆ ತಿಂತೊರೆತ್ತೊ ಇದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿಸಿದ. ಚಾವಣಿಯ ಚಿತ್ರ ನೋಡಿ ಕತ್ತು ನೋಯದಿರಲಿ ಎಂದು ಅಲ್ಲಿ ಕನ್ನಡಿಗಳನ್ನಿಟ್ಟಿದ್ದಾರೆ. ಕನ್ನಡಿಯನ್ನು ಅಂಗೈಯಲ್ಲಿ ತಟ್ಟೆಯಂತೆ ಹಿಡಿದು, ತಲೆ ಬಗ್ಗಿಸಿ, ಮೇಲಿನ ಲೋಕವನ್ನು ಕೆಳಗೆ ನೋಡುತ್ತ ನಡೆಯಬೇಕು. ಪ್ರವಾಸಿ ಗುಂಪುಗಳಿರುವಾಗ ಕನ್ನಡಿಯಲ್ಲಿ ಬೇರೆಯವರ ತಲೆಗಳೇ ಬೀಳುತ್ತವೆ. ಜನವರಿಯ ನಡುವಾರದ ಬೆಳಿಗ್ಗೆ ಗೋಡೆಬದಿಯ ಆಸನದಲ್ಲಿ ಕುಳಿತು ಮಡಿಲಲ್ಲಿ ಕನ್ನಡಿ ಇಟ್ಟುಕೊಳ್ಳಬಹುದು.

ಸಾಗರದವರಿಗೆ ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾದೀತು. ರೋಮಿನ ಪಿಯೆತ್ರೊ ದೆಲ್ಲಾ ವಾಲೆ 1614ರಲ್ಲಿ ಪೂರ್ವದೇಶಗಳಿಗೆಂದು ಹಡಗು ಹತ್ತಿದ್ದು ಇದೇ ವೆನಿಸ್‌ನಲ್ಲಿ. ಸುತ್ತಿ ಸುತ್ತಿ 1623ರಲ್ಲಿ ನಿಮ್ಮ ಇಕ್ಕೇರಿಗೆ ಬಂದ, ಪೋರ್ಚುಗೀಸ್ ರಾಯಭಾರಿಯ ಜೊತೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ಬರುವ ದಾರಿಯ ಒಂದು ದೇವಸ್ಥಾನದ ಜಗಲಿಯಲ್ಲಿ ಮಕ್ಕಳು ಮರಳಿನ ಮೇಲೆ ಅಂಕಿ ಬರೆದು, ಹಾಡುತ್ತ ಲೆಕ್ಕ ಕಲಿಯುವುದನ್ನು ಕಂಡು ಮೆಚ್ಚಿ ಬರೆದಿಟ್ಟ. ಮೇಷ್ಟರಾಗಿದ್ದವರು ನೀವು, ಹೊರಡುವ ಮೊದಲು ಅವನ ಪತ್ರಗಳನ್ನು ಓದಿಕೊಳ್ಳಿ.

ಊಟಕ್ಕೆ ಹೆದರಬೇಡಿ, ಎಚ್ಚರವಿರಲಿ. ರಿಯಾಲ್ಟೋ ಸಂತೆಯಲ್ಲಿ ಚಳಿಗಾಲದ ರಾಜ ಎಂದರೆ ತ್ರೆವಿಸೊದ ರಾದಿಕ್ಯೊ, ನೇರಳೆಗೆಂಪಿನ ಕಹಿ ಸೊಪ್ಪು. ಅದನ್ನು ಹಾಕಿ ಬೇಯಿಸಿದ ಮೆತ್ತನೆಯ ಅನ್ನ, ರಿಸೊತ್ತೊ ಕೇಳಿ, ಮಾಂಸದ ಸಾರು ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹುರುಳಿಕಾಳಿನ ಬಣ್ಣದ ಬೀನ್ಸ್ ಸಾರಿನಲ್ಲಿ ಹಂದಿಯ ತುಂಡು ಇರಬಹುದು. "ಬಿಗೊಲಿ ಇನ್ ಸಾಲ್ಸಾ" ನೋಡಲು ಬರೀ ಈರುಳ್ಳಿ ಶಾವಿಗೆ, ಅದರಲ್ಲಿ ಕರಗಿರುವುದು ಮೀನು. ಮೊಟ್ಟೆ ತಿನ್ನುವವರಾದರೆ ಆ ದಿನಗಳಲ್ಲಿ ಬೇಕರಿಗಳಲ್ಲಿ ಬರುವ ಫ್ರಿತೆಲ್ಲೆ ಬಿಡಬೇಡಿ. ನಿಮ್ಮ ಕಡೆಯ ಮುಳಕದಂತೆ ಉಂಡೆಯಾಗಿ ಕರಿದದ್ದು, ಒಳಗೆ ದ್ರಾಕ್ಷಿ.

ವೀಸಾ ಬಗ್ಗೆ: ಹೆಚ್ಚು ರಾತ್ರಿ ಮಗಳ ಮನೆಯಲ್ಲೇ ಕಳೆಯುವುದಾದರೆ ಅರ್ಜಿ ಜರ್ಮನಿಗೆ ಹಾಕಬೇಕು, ಅದೇ ಷೆಂಗೆನ್ ವೀಸಾ ಇಟಲಿಗೂ ನಡೆಯುತ್ತದೆ. 30,000 ಯೂರೋ ಮೊತ್ತದ ವಿಮೆ ಕಡ್ಡಾಯ. ಮ್ಯೂನಿಕ್‌ನಿಂದ ಹಗಲು ರೈಲು ಹಿಡಿಯಿರಿ, ವಿಮಾನ ಬೇಡ. ಬ್ರೆನ್ನರ್ ಕಣಿವೆ ದಾಟಿ ಸುಮಾರು ಏಳು ಗಂಟೆಯ ದಾರಿ, ಹಿಮದ ನಡುವೆ.

ಕೊನೆಗೆ ಗೊಂಡೊಲ. ಹತ್ತದೆ ಬಂದರೆ ಊರಲ್ಲಿ ಏನು ಹೇಳುವುದು ಎಂದು ಕೇಳಿದ್ದೀರಿ. ಹಗಲಲ್ಲಿ ಅರ್ಧ ಗಂಟೆಗೆ ಸರಕಾರಿ ದರವೇ 90 ಯೂರೋ, ಕೊರೆಯುವ ಗಾಳಿಯಲ್ಲಿ. ಅದರ ಬದಲು ಸಾಂತಾ ಸೊಫಿಯಾದಲ್ಲಿ ತ್ರಗೆತ್ತೊ ಹತ್ತಿ. ಅದೂ ಗೊಂಡೊಲದ ಜಾತಿಯ ದೋಣಿಯೇ, ಇಬ್ಬರು ಅಂಬಿಗರು ಗ್ರ್ಯಾಂಡ್ ಕೆನಾಲ್ ದಾಟಿಸಿ ರಿಯಾಲ್ಟೋ ಸಂತೆಯ ಬುಡಕ್ಕೆ ಬಿಡುತ್ತಾರೆ, ತಲೆಗೆ 2 ಯೂರೋ. ಭಾನುವಾರ, ಸೋಮವಾರ ಮೀನು ಸಂತೆ ಇರುವುದಿಲ್ಲವಾದ್ದರಿಂದ ವಾರದ ನಡುವೆ, ಬೆಳಿಗ್ಗೆಯೇ ಹೋಗಿ. ಊರಿನವರು ನಿಂತೇ ದಾಟುತ್ತಾರೆ. ಯಜಮಾನರು ಕೂತುಕೊಳ್ಳಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಸಂಪಾದಕ