ಡಾಗ್ ಡೋರ್ ಹಾಕಿಸಿದೆವು, ಮನೆಯೊಳಗೆ ಚಳಿ ನುಗ್ಗಿತು

ಪ್ರಶ್ನೆ: ನಾವು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇದ್ದೇವೆ. ನಮ್ಮ ಲ್ಯಾಬ್ರಡಾರ್ ನಾಯಿ ಕರಿಯನಿಗೆಂದು ಅಡುಗೆಮನೆಯ ಹಿಂಬಾಗಿಲು ಕೊರೆಸಿ, ಅದು ತಾನೇ ತಳ್ಳಿಕೊಂಡು ಓಡಾಡುವ ಡಾಗ್ ಡೋರ್ ಹಾಕಿಸಿದೆವು. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಜನವರಿ ಬಂದದ್ದೇ ಅದರ ಫ್ಲ್ಯಾಪ್, ಅಂದರೆ ತೂತಿಗೆ ನೇತುಬಿಟ್ಟ ಮೆತ್ತನೆಯ ಪರದೆ, ಸೆಟೆದುಕೊಂಡಿತು, ಅಂಚಿಗೆ ಐಸ್ ಕಟ್ಟಿತು. ಒಲೆ ಮುಂದೆ ನಿಂತರೆ ಕಾಲು ಕೊರೆಯುತ್ತದೆ. ಊರಿಂದ ಬಂದಿರುವ ಅಮ್ಮ "ಸುಮ್ನೆ ಮುಚ್ಚಿಬಿಡಿ" ಅನ್ನುತ್ತಾರೆ. ಹೊಸದು ಕೊಳ್ಳುವುದಾದರೆ ಎಂಥದ್ದು ಕೊಳ್ಳಲಿ?

ಉತ್ತರ: ಕೊಳ್ಳುವ ಮಾತು ಆಮೇಲೆ. ಮೊದಲು ಒಂದು ಊದುಬತ್ತಿ ಹಚ್ಚಿ. ಗಾಳಿ ಬೀಸುವ ದಿನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಫ್ಲ್ಯಾಪಿನ ಅಂಚಿಗೂ ಚೌಕಟ್ಟಿನ ಸುತ್ತಲೂ ನಿಧಾನವಾಗಿ ಹಿಡಿಯಿರಿ. ಬೆಂಕಿ ತಾಗಿಸಬೇಡಿ, ಹೊಗೆ ಸಾಕು. ಹೊಗೆ ಓಲಾಡಿದ ಕಡೆ ಗಾಳಿ ನುಗ್ಗುತ್ತಿದೆ ಅಂತ ಅರ್ಥ. ಎಲ್ಲರೂ ಫ್ಲ್ಯಾಪನ್ನೇ ಬೈಯುತ್ತಾರೆ, ಆದರೆ ಎಷ್ಟೋ ಸಲ ಕಳ್ಳ ಇರುವುದು ಚೌಕಟ್ಟಿಗೂ ಕೊರೆದ ಬಾಗಿಲಿಗೂ ನಡುವಿನ ಸಂದಿಯಲ್ಲಿ. ಹಾಗಿದ್ದರೆ ಹೊಸದು ತಂದರೂ ಕಾಲು ಕೊರೆಯುವುದು ನಿಲ್ಲುವುದಿಲ್ಲ. ಆ ಸಂದಿಗೆ ಕಿಟಕಿ ಬಾಗಿಲಿಗೆಂದೇ ಸಿಗುವ, ಕಡಿಮೆ ಉಬ್ಬುವ ಸ್ಪ್ರೇ ಫೋಮ್ ತುಂಬಿ. ಜಾಸ್ತಿ ಉಬ್ಬುವಂಥದ್ದು ಚೌಕಟ್ಟನ್ನೇ ಸೊಟ್ಟ ಮಾಡಿಬಿಡುತ್ತದೆ.

ಐಸಿನ ಕಥೆ ಬೇರೆ. ಅನ್ನ ಬೇಯುವಾಗ ಏಳುವ ಹಬೆ ತಣ್ಣನೆಯ ಫ್ಲ್ಯಾಪಿಗೆ ತಾಗಿ ನೀರಾಗುತ್ತದೆ, ನೀರು ಗಟ್ಟಿಯಾಗುತ್ತದೆ. ಅಂಚಿನಲ್ಲಿ ಐಸ್ ಇದ್ದರೆ ಫ್ಲ್ಯಾಪನ್ನು ಮುಚ್ಚಿ ಹಿಡಿಯುವ ಮ್ಯಾಗ್ನೆಟ್ ಕಚ್ಚಿಕೊಳ್ಳುವುದಿಲ್ಲ. ಸಂದಿ ಇನ್ನಷ್ಟು ಬಿಡುತ್ತದೆ, ಐಸ್ ಇನ್ನಷ್ಟು ಕಟ್ಟುತ್ತದೆ. ನಿಮ್ಮದು ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಒಂಟಿ ಫ್ಲ್ಯಾಪ್ ಇರಬೇಕು. ಚಳಿಗೆ ವಿನೈಲ್ ಬಿರುಸಾಗುತ್ತದೆ. ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಊರಿಗೆ ಅದು ಸಾಲದು. ನಡುವೆ ಗಾಳಿಯ ಪದರ ಉಳಿಯುವ ಜೋಡಿ ಫ್ಲ್ಯಾಪ್, ಸುತ್ತಲೂ ಮ್ಯಾಗ್ನೆಟ್ ಇರುವಂಥದ್ದು ನೋಡಿ. ಚಳಿಗೂ ಮೆತ್ತಗೇ ಉಳಿಯುವ ವಸ್ತುವೇ ಎಂದು ಅಂಗಡಿಯಲ್ಲಿ ಕೇಳಿ.

ಅಳತೆಯಲ್ಲಿ ಧಾರಾಳ ಬೇಡ. ಕರಿಯನನ್ನು ನಿಲ್ಲಿಸಿ ಅಳೆಯಿರಿ. ಮೈಯ ಅತಿ ಅಗಲದ ಜಾಗಕ್ಕಿಂತ ಸುಮಾರು 2 ಇಂಚು ಹೆಚ್ಚು ಅಗಲ, ಫ್ಲ್ಯಾಪಿನ ಮೇಲಂಚು ಭುಜಕ್ಕಿಂತ 1-2 ಇಂಚು ಮೇಲೆ. ಗಂಡು ಲ್ಯಾಬ್ರಡಾರಿನ ಭುಜ ಸಾಮಾನ್ಯವಾಗಿ 22.5ರಿಂದ 24.5 ಇಂಚು ಎತ್ತರ. ಹಾಗಂತ ತೂತು ಅಷ್ಟು ಉದ್ದ ಬೇಕಿಲ್ಲ, ಕೆಳಗಿನ ಅಂಚು ದಾಟಿಕೊಂಡೇ ಅದು ಹೋಗುತ್ತದಲ್ವಾ? ಅದರ ಭುಜ 23 ಇಂಚು ಇದ್ದು ಕೆಳಂಚು ನೆಲದಿಂದ 7 ಇಂಚು ಮೇಲಿದ್ದರೆ 17-18 ಇಂಚಿನ ಫ್ಲ್ಯಾಪ್ ಸಾಕು. ನಾಯಿಗೆ ವಯಸ್ಸಾಗಿ ಕೀಲು ನೋವಿದ್ದರೆ ಮಾತ್ರ ಕೆಳಂಚು ಇನ್ನೂ ತಗ್ಗಿಸಿ.

ಸ್ವಂತ ಮನೆಯಾದರೆ ನನ್ನ ಒಲವು ಬಾಗಿಲಿಗಿಂತ ಗೋಡೆಯಲ್ಲೇ ಡಾಗ್ ಡೋರ್ ಕೂರಿಸುವ ಕಡೆಗೆ. ಗೋಡೆ ದಪ್ಪ, ಹಾಗಾಗಿ ಎರಡು ಫ್ಲ್ಯಾಪಿನ ನಡುವೆ ಜಾಗ ಜಾಸ್ತಿ ಸಿಗುತ್ತದೆ. ಚಳಿಗಾಲದ ವಾಯವ್ಯದ ಗಾಳಿ ನೇರ ಬಡಿಯದ ಬದಿ ಆರಿಸಿ. ನಡುವಿನ ಸುರಂಗ ಅಲ್ಯೂಮಿನಿಯಂ ಆದರೆ ಲೋಹವೇ ಚಳಿಯನ್ನು ಒಳಗೆ ತರುತ್ತದೆ, ಅದರ ಸುತ್ತ ಗಟ್ಟಿ ಫೋಮ್ ಹಲಗೆ ಇಡಿಸಿ. ಸುರಂಗದ ತಳ ಹೊರಕ್ಕೆ ತುಸು ಇಳಿಜಾರಿರಲಿ, ನೀರು ನಿಲ್ಲಬಾರದು. ಕೊರೆಯುವ ಮೊದಲು ಒಳಗೆ ವೈರು, ಪೈಪು ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಗ್ಯಾರೇಜಿಗೆ ತೆರೆಯುವ ಬಾಗಿಲನ್ನಂತೂ ಮುಟ್ಟಬೇಡಿ. ಅದು ಬೆಂಕಿ ತಡೆಯಲೆಂದು ಇರುವ ಬಾಗಿಲು, ಮೇಲಾಗಿ ಕಾರಿನ ಹೊಗೆ ಒಳಗೆ ಬರುತ್ತದೆ.

ಅಮ್ಮನ ಮಾತೂ ಅರ್ಧ ಸರಿ. ರಾತ್ರಿ ಮುಚ್ಚಲೇಬೇಕು. ಡಾಗ್ ಡೋರ್ ಜೊತೆ ಬರುವ ಪ್ಲಾಸ್ಟಿಕ್ ಹಲಗೆಯ ಒಳಬದಿಗೆ ಒಂದಿಂಚಿನ ಫೋಮ್ ಅಂಟಿಸಿ, ಮಲಗುವ ಮುನ್ನ ಸಿಕ್ಕಿಸಿಬಿಡಿ. ರಾತ್ರಿ ಮನೆಗೆ ನುಗ್ಗುವ ರಕೂನ್ ಎಂಬ ಕಾಡುಪ್ರಾಣಿಯ ಕಾಟಕ್ಕೂ ಇದೇ ಮದ್ದು.

ಜೋಡಿ ಫ್ಲ್ಯಾಪ್ ಕಂಡು ಕರಿಯ ಮೊದಮೊದಲು ಮೊಂಡು ಹಿಡಿಯಬಹುದು. ಒಂದು ವಾರ ಒಳಗಿನದನ್ನು ಟೇಪ್ ಹಾಕಿ ಮೇಲೆತ್ತಿಡಿ. ಹೊರಗಿನದು ರೂಢಿಯಾದ ಮೇಲೆ ಇಳಿಸಿ.