ಬಾಸ್ ಇಲ್ಲದ ಸಂಸ್ಥೆಯಲ್ಲಿ ಯಾರ ಮಾತು ನಡೆಯುತ್ತದೆ?

ಪ್ರಶ್ನೆ: ಮೇಡಂ, ಹಳ್ಳಿಗಳಲ್ಲಿ ಮಹಿಳಾ ಸಂಘ ಕಟ್ಟುವ ಒಂದು ಎನ್‌ಜಿಒದಲ್ಲಿ ಎಂಟು ವರ್ಷದಿಂದ ಫೀಲ್ಡ್ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಎಲ್ಲರೂ ಅಕ್ಕ, ಅಣ್ಣ. ಯಾರೂ ಬಾಸ್ ಅಲ್ಲ ಅನ್ನುತ್ತಾರೆ. ಆದರೆ ತೀರ್ಮಾನಗಳು ಸಂಸ್ಥಾಪಕರ ಮನೆಯಲ್ಲೇ ಆಗಿರುತ್ತವೆ, ಸಭೆಯಲ್ಲಿ ನಮಗೆ ತಿಳಿಸುತ್ತಾರೆ ಅಷ್ಟೇ. ಪಿಎಫ್ ಕೇಳಿದ್ದಕ್ಕೆ ‘ನಾವೆಲ್ಲ ಸೇವೆಗೆ ಬಂದವರು ಅಲ್ವಾ ತಮ್ಮಾ’ ಅಂದರು. ನಾನು ಕೇಳಿದ್ದು ತಪ್ಪಾ?
– ಒಬ್ಬ ಓದುಗ, ಕೊಪ್ಪಳ ಜಿಲ್ಲೆ

ಉತ್ತರ: ಖಂಡಿತ ತಪ್ಪಲ್ಲ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಪಿಎಫ್ ಕಾನೂನು ಬರುತ್ತದೆ, ಎನ್‌ಜಿಒ ಆದರೂ ಅಷ್ಟೇ. ಅದು ಯಾರೋ ಮಾಡುವ ಉಪಕಾರ ಅಲ್ಲ.

ಆದರೆ ಅಣ್ಣ ಅಂತ ಕರೆದ ಮೇಲೆ ಸಂಬಳದ ಮಾತು ಎತ್ತುವುದು ಕಷ್ಟ. ಮನೆಯಲ್ಲಿ ಅಣ್ಣನ ಹತ್ತಿರ ಲೆಕ್ಕ ಕೇಳಿದರೆ ಪಾಲು ಕೇಳಲು ಬಂದ ಹಾಗೆ ನೋಡುತ್ತಾರಲ್ಲ, ಇಲ್ಲೂ ಹಾಗೇ ಆಗುತ್ತದೆ. ಸರ್ಕಾರಿ ಕಚೇರಿಯಲ್ಲಾದರೆ ಯಾರ ಮೇಲೆ ಯಾರು ಅಂತ ಗೊತ್ತಿರುತ್ತದೆ, ಒಬ್ಬರು ಕೇಳದಿದ್ದರೆ ಮೇಲಿನವರಿಗೆ ಅರ್ಜಿ ಕೊಡಬಹುದು. ನಿಮ್ಮಲ್ಲಿ ‘ಮೇಲಿನವರು’ ಇಲ್ಲವೇ ಇಲ್ಲ ಅನ್ನುವುದರಿಂದ ಅರ್ಜಿ ಕೊಡುವ ಜಾಗವೂ ಇಲ್ಲ. ಸಂಸ್ಥಾಪಕರ ತ್ಯಾಗ ನಿಜವೇ ಇರಬಹುದು. ಆ ತ್ಯಾಗದ ಎದುರು ನಿಮ್ಮ ಪಿಎಫ್ ಸಣ್ಣದಾಗಿ ಕಾಣುವುದೂ ಅದಕ್ಕೇ.

ಅವರ ಕೈಯನ್ನೂ ಇನ್ನೊಬ್ಬರು ಕಟ್ಟಿರುತ್ತಾರೆ. 2020ರಲ್ಲಿ ವಿದೇಶಿ ದೇಣಿಗೆ ಕಾನೂನು ತಿದ್ದಿದಾಗ ಆ ಹಣದಲ್ಲಿ ಆಡಳಿತಕ್ಕೆ ಖರ್ಚು ಮಾಡುವ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವುದೂ ನಿಂತಿತು. ದೊಡ್ಡ ಸಂಸ್ಥೆಗಳನ್ನು ನಂಬಿಕೊಂಡಿದ್ದ ಚಿಕ್ಕವರಿಗೆ ಭಾರಿ ಪೆಟ್ಟು ಬಿತ್ತು. ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಅಂತ ತೆಗೆದಿಟ್ಟ ಹಣ ಕೊಡುವ ಕಂಪನಿಯವರು ಎಷ್ಟು ತರಬೇತಿ, ಎಷ್ಟು ಫಲಾನುಭವಿ, ಫೋಟೋ ಎಲ್ಲಿ ಅಂತ ಕೇಳುತ್ತಾರೆ. ಜಗಳವಾಡಿ ಒಡೆದ ಸಂಘವನ್ನು ನೀವು ಆರು ತಿಂಗಳು ಓಡಾಡಿ ಕೂಡಿಸಿದ್ದು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ವರದಿ ಬರೆಯುವವರ ಮಾತು ಕಚೇರಿಯಲ್ಲಿ ಜಾಸ್ತಿ ನಡೆಯುವುದೂ ಇದರಿಂದಲೇ.

ಬೇಜಾರಾಗಬೇಡಿ, ಇನ್ನೊಂದು ಮಾತು ಹೇಳುತ್ತೇನೆ. ಹಳ್ಳಿಗೆ ಹೋದಾಗ ನಿಮಗೆ ಕುರ್ಚಿ, ಸಂಘದ ಹೆಂಗಸರಿಗೆ ಚಾಪೆ ಅಲ್ವಾ? ಅವರ ಪಾಲಿಗೆ ನೀವು ‘ಸರ್’. ತರಬೇತಿ ಪಟ್ಟಿಗೆ ಯಾರ ಹೆಸರು ಸೇರಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಅವರೂ ನಿಮ್ಮನ್ನು ಕೇಳಲು ಹಿಂಜರಿಯುತ್ತಿರಬಹುದು, ನೀವು ಅಣ್ಣನನ್ನು ಕೇಳಲು ಹಿಂಜರಿದ ಹಾಗೆ.

ಮೊದಲು ಸಂಸ್ಥೆಯ ಬೈಲಾ (ನಿಯಮಗಳ ಪುಸ್ತಕ) ಅಥವಾ ಟ್ರಸ್ಟ್ ಡೀಡ್ (ಟ್ರಸ್ಟ್ ಕಟ್ಟಿದ ಪತ್ರ) ಓದಿ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ್ದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು. ಟ್ರಸ್ಟ್ ಆದರೆ ಸಾಮಾನ್ಯವಾಗಿ ಟ್ರಸ್ಟಿಗಳ ಮಾತೇ ಕೊನೆ. ಪಿಎಫ್ ವಿಷಯವನ್ನು ಒಬ್ಬರೇ ಎತ್ತಬೇಡಿ, ನಾಲ್ಕೈದು ಜನ ಸಹಿ ಮಾಡಿ ಕೊಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಮತ್ತೆ ಮುಂದಿನ ಸಂಘದ ಸಭೆಯಲ್ಲಿ ನೀವೂ ಚಾಪೆ ಮೇಲೆ ಕೂತು, ಆ ತರಬೇತಿ ಪಟ್ಟಿಯನ್ನು ಹೇಗೆ ಮಾಡುತ್ತೀರಿ ಅಂತ ಅವರಿಗೆ ಬಿಡಿಸಿ ಹೇಳಿ.